ಕೋಲಾರದ ಟೊಮೆಟೊ ಲೆಕ್ಕ: ಕ್ಯೂ ಪಾಸಾದರೂ ಒಳಗಿನ ಅಂಕಿ ನೋಡಲೇಬೇಕಾಯಿತು

ಇದು ಕೋಲಾರ ಜಿಲ್ಲೆಯ ಒಂದು ರೈತ ಉತ್ಪಾದಕ ಸಂಸ್ಥೆಯಲ್ಲಿ ನಡೆದ ಪ್ರಕರಣ. ಅವರು ಕೇಳಿಕೊಂಡಿದ್ದರಿಂದ ಸಂಸ್ಥೆಯ ಹೆಸರನ್ನೂ ಅದರ ಪುಸ್ತಕದ ಅಂಕಿಗಳನ್ನೂ ಇಲ್ಲಿ ಹಾಕಿಲ್ಲ. ಲೆಕ್ಕ ಹೇಗೆ ಮಾಡಿದರು, ಎಲ್ಲಿ ಸಿಕ್ಕಿಬಿದ್ದರು, ಏನು ತೀರ್ಮಾನಕ್ಕೆ ಬಂದರು ಅನ್ನುವುದೆಲ್ಲ ಇದೆ. ಶೀರ್ಷಿಕೆಯ ‘ಕ್ಯೂ’ ಅಂದರೆ ಲೆಕ್ಕದ ಗುಣಮಟ್ಟಕ್ಕೆ ಸಿಗುವ ಒಟ್ಟು ಅಂಕಿ. ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಋತುಮಾನದ ಏರಿಳಿತ ತೆಗೆಯುವ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಬಹುದು.

ಸದಸ್ಯರಲ್ಲಿ ಹೆಚ್ಚಿನವರು ಕೋಲಾರ ಮತ್ತು ಮುಳಬಾಗಿಲು ತಾಲೂಕಿನ ಟೊಮೆಟೊ ಬೆಳೆಗಾರರು. ಹಣ್ಣು ಹೋಗುವುದು ಕೋಲಾರದ ಎಪಿಎಂಸಿ ಯಾರ್ಡಿಗೆ, ಒಂದಿಷ್ಟು ವಡ್ಡಹಳ್ಳಿ ಮಾರುಕಟ್ಟೆಗೆ. ಯಾರು ಯಾವ ದಿನ ಎಷ್ಟು ಬಾಕ್ಸ್ ಕಳಿಸಿದರು, ಹರಾಜಿನಲ್ಲಿ ಬಾಕ್ಸಿಗೆ ಎಷ್ಟು ಸಿಕ್ಕಿತು ಅನ್ನುವುದನ್ನು 2014ರಿಂದ ಬರೆದಿಟ್ಟಿದ್ದಾರೆ. ಬಾಕ್ಸ್ ಅಂದರೆ 15 ಕಿಲೋ. ಈ ಪುಸ್ತಕದಿಂದ ತಿಂಗಳ ಲೆಕ್ಕದ ಎರಡು ಸರಣಿ ಹೊರಟವು. ಒಂದು ಆವಕದ್ದು, ಇನ್ನೊಂದು ಬೆಲೆಯದ್ದು.

ಪ್ರತಿ ತಿಂಗಳೂ ನಿರ್ದೇಶಕರ ಸಭೆಗೆ ಒಂದು ಹಾಳೆ ಹೋಗುತ್ತದೆ. ಮೊದಲೆಲ್ಲ ಅದರಲ್ಲಿ ‘ಕಳೆದ ತಿಂಗಳಿಗಿಂತ ಆವಕ ಇಷ್ಟು ಜಾಸ್ತಿ’ ಅಂತ ಇರುತ್ತಿತ್ತು. ಮಾರ್ಚ್‌ಗಿಂತ ಜೂನ್‌ನಲ್ಲಿ ಹಣ್ಣು ಜಾಸ್ತಿ ಬರುವುದು ಯಾರಿಗೆ ಗೊತ್ತಿಲ್ಲ? ಸೀಸನ್ ಕಳೆದು ನೋಡಿದರೆ ನಿಜಕ್ಕೂ ಏರಿದೆಯಾ, ಇಳಿದಿದೆಯಾ ಅನ್ನುವುದು ಬೇಕಿತ್ತು. ಲೆಕ್ಕ ನೋಡಿಕೊಳ್ಳುವವರು ಎಂ.ಕಾಂ. ಓದಿದ ಯುವತಿ, ಆರ್ ಭಾಷೆಯನ್ನು ತಾವೇ ಕಲಿತಿದ್ದಾರೆ. ಸೀಸನ್ ತೆಗೆದ ಗೆರೆಯನ್ನು ಅವರು ಹಾಳೆಗೆ ಸೇರಿಸಿದರು. ಅದನ್ನು ನೋಡಿದ ಹಿರಿಯ ನಿರ್ದೇಶಕರೊಬ್ಬರು ಕೇಳಿದ್ದು ಇಷ್ಟೇ: “ಗೆರೆ ಚೆನ್ನಾಗೇ ಐತಮ್ಮಾ. ಇದನ್ನ ನಂಬಿ ಲಾರಿ ಬುಕ್ ಮಾಡ್ಬೋದಾ?”

ಪ್ರಶ್ನೆ ಸರಿಯಾಗಿಯೇ ಇತ್ತು. ಯಾವ ಸರಣಿ ಕೊಟ್ಟರೂ ಸಾಫ್ಟ್‌ವೇರ್ ಒಂದು ನಯವಾದ ಗೆರೆ ಎಳೆದು ಕೊಡುತ್ತದೆ. ಅದನ್ನು ಎಷ್ಟು ನಂಬಬಹುದು ಅಂತ ಹೇಳುವ ಅಂಕಿಗಳು ಬೇರೆಯೇ ಇವೆ, ಅವನ್ನು ಕೇಳಿ ಪಡೆಯಬೇಕು. ಅವರು ನನ್ನನ್ನು ಸಂಪರ್ಕಿಸಿದ್ದು ಈ ಹಂತದಲ್ಲಿ.

ಕೇಳಿದ ಅಂಕಿ ಸಿಗಲಿಲ್ಲ, ಯಾಕೆ?

ಅವರು ಬಳಸಿದ್ದು ಕ್ರಿಸ್ಟಾಫ್ ಸ್ಯಾಕ್ಸ್ ಬರೆದ ‘ಸೀಸನಲ್’ ಪ್ಯಾಕೇಜ್. ಅದು ತಾನೇ ಲೆಕ್ಕ ಮಾಡುವುದಿಲ್ಲ. ಅಮೆರಿಕದ ಸೆನ್ಸಸ್ ಬ್ಯೂರೋದ ಎಕ್ಸ್-13 ಅರಿಮಾ-ಸೀಟ್ಸ್ ಎಂಬ ಪ್ರೋಗ್ರಾಂಗೆ ಒಂದು ಸೂಚನೆ ಫೈಲ್ ಬರೆದು ಕೊಡುತ್ತದೆ, ತಾತ್ಕಾಲಿಕ ಫೋಲ್ಡರ್‌ನಲ್ಲಿ ಅದನ್ನು ಓಡಿಸುತ್ತದೆ, ಹೊರಬಿದ್ದ ಫೈಲ್‌ಗಳನ್ನು ಓದಿ ಆರ್ ಒಳಗೆ ತರುತ್ತದೆ. ಆ ಫೈಲ್‌ಗಳಲ್ಲಿ ಒಂದು ಮನುಷ್ಯರು ಓದಲು ಮಾಡಿದ ಉದ್ದನೆಯ ವರದಿ. ‘ಔಟ್’ ಫಂಕ್ಷನ್ ಕರೆದರೆ ಅದು ಬ್ರೌಸರ್‌ನಲ್ಲಿ ತೆರೆಯುತ್ತದೆ. ಇನ್ನೊಂದು ಯುಡಿಜಿ ಫೈಲ್. ಅದರಲ್ಲಿ ಸಾಲಿಗೊಂದು ಹೆಸರು, ಪಕ್ಕದಲ್ಲಿ ಅದರ ಅಂಕಿ. ಗುಣಮಟ್ಟದ ಪರೀಕ್ಷೆಗಳ ಫಲಿತಾಂಶವೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಆರ್‌ನಲ್ಲಿ ಅದನ್ನು ತೆಗೆಯುವ ಫಂಕ್ಷನ್‌ನ ಹೆಸರೂ ‘ಯುಡಿಜಿ’ಯೇ.

ಎಂ1ರಿಂದ ಎಂ11ರವರೆಗೆ ಹನ್ನೊಂದು ಅಂಕಿ, ಅವುಗಳ ತೂಕದ ಸರಾಸರಿಯಾದ ಕ್ಯೂ. ಅವರಿಗೆ ಬೇಕಿದ್ದದ್ದು ಇವು. ‘ಎಫ್3.ಕ್ಯೂ’ ಅಂತ ಕೇಳಿದರು, ಅಂಥದ್ದು ಇಲ್ಲ ಅಂತ ಆರ್ ದೋಷ ತೋರಿಸಿ ನಿಂತುಬಿಟ್ಟಿತು. ಪ್ಯಾಕೇಜನ್ನು ಮತ್ತೆ ಹಾಕಿಕೊಂಡು ನೋಡಿದರು. ಏನೂ ವ್ಯತ್ಯಾಸವಾಗಲಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ‘ಸೀಸ್’ ಫಂಕ್ಷನ್‌ಗೆ ಏನೂ ಹೇಳದೆ ಬಿಟ್ಟರೆ ಅದು ಸೀಟ್ಸ್ ವಿಧಾನ ಹಿಡಿಯುತ್ತದೆ. ಇದು ಬ್ಯಾಂಕ್ ಆಫ್ ಸ್ಪೇನ್‌ನಲ್ಲಿ ಗೋಮೆಸ್ ಮತ್ತು ಮರವಾಲ್ ರೂಪಿಸಿದ್ದು. ಮಾದರಿ ಕಟ್ಟಿ, ಆ ಮಾದರಿಯಿಂದಲೇ ಸೀಸನ್ ಬೇರ್ಪಡಿಸುತ್ತದೆ. ಎಂ ಅಂಕಿಗಳು ಹುಟ್ಟಿದ್ದು ಚಲಿಸುವ ಸರಾಸರಿಗಳ ಎಕ್ಸ್-11 ವಿಧಾನಕ್ಕಾಗಿ. ಜೂಲಿಯಸ್ ಶಿಸ್ಕಿನ್ ಮತ್ತವರ ತಂಡ 1965ರಲ್ಲಿ ಎಕ್ಸ್-11 ತಂದರು. 1978ರಲ್ಲಿ ಸ್ಟಾಟಿಸ್ಟಿಕ್ಸ್ ಕೆನಡಾದ ಲೋಥಿಯನ್ ಮತ್ತು ಮೋರಿ ಅದರ ಫಲಿತಾಂಶದ ಗುಣ ಅಳೆಯಲು ಈ ಎಂ ಅಂಕಿಗಳನ್ನು ಕೊಟ್ಟರು. ಎಕ್ಸ್-11ರ ಕೋಷ್ಟಕಗಳಿಂದ ಲೆಕ್ಕ ಹಾಕುವ ಅಂಕಿಗಳು ಸೀಟ್ಸ್ ಓಡಿಸಿದಾಗ ಹುಟ್ಟುವುದೇ ಇಲ್ಲ. ಇಲ್ಲದ್ದನ್ನು ಪ್ಯಾಕೇಜ್ ಎಲ್ಲಿಂದ ತರುತ್ತದೆ, ಅಲ್ವಾ?

ಪರಿಹಾರ ಒಂದೇ ಸಾಲು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರ ಬಳಸಿ (ಬರೀ ‘ಎಂ’ ಅಂತ ಇರುವುದು ಫಲಿತಾಂಶಕ್ಕೆ ಇಟ್ಟ ಹೆಸರು, ಎಂ ಅಂಕಿಯಲ್ಲ):

ಎಂ <- ಸೀಸ್(ಆವಕ, ಎಕ್ಸ್11 = "")
ಯುಡಿಜಿ(ಎಂ, ಸಿ("ಎಫ್3.ಕ್ಯೂ", "ಎಫ್3.ಎಂ07", "ಎಫ್3.ಎಂ10", "ಎಫ್3.ಎಂ11"))

ಒಂದಂಕಿಯ ಮುಂದೆ ಸೊನ್ನೆ ಇರಲೇಬೇಕು. ‘ಎಂ7’ ಅಂತ ಬರೆದರೆ ಸಿಗುವುದಿಲ್ಲ, ‘ಎಂ07’ ಅಂತಲೇ ಬರೆಯಬೇಕು. ಹೆಸರುಗಳು ನೆನಪಿಲ್ಲದಿದ್ದರೆ ‘ಯುಡಿಜಿ(ಎಂ)’ ಅಂತ ಸುಮ್ನೆ ಕರೆದರೆ ಸಾಕು, ಇಡೀ ಪಟ್ಟಿ ಬರುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಎಂ ಅಂಕಿಗಳಿಗಾಗಿ ಎಕ್ಸ್-11 ಓಡಿಸಿ, ಹಾಳೆಯಲ್ಲಿ ಸೀಟ್ಸ್‌ನ ಗೆರೆ ಹಾಕುವುದು ತಪ್ಪು. ಒಂದರ ಪರೀಕ್ಷೆ ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ. ಸೀಟ್ಸ್ ಬೇಕಿದ್ದರೆ ಅದಕ್ಕೆ ಸರಿಹೋಗುವ ಪರೀಕ್ಷೆಗಳನ್ನೇ ನೋಡಬೇಕು. ಸಂಸ್ಥೆಯವರು ಎಕ್ಸ್-11 ಆರಿಸಿಕೊಂಡರು, ಗೆರೆಗೂ ಅದೇ, ಪರೀಕ್ಷೆಗೂ ಅದೇ. ಚಲಿಸುವ ಸರಾಸರಿ ಅಂದರೆ ಸಭೆಯಲ್ಲಿ ವಿವರಿಸುವುದು ಸುಲಭ ಅನ್ನುವುದೂ ಒಂದು ಕಾರಣ.

ಪೈಥಾನ್‌ನಲ್ಲಿ ಮಾಡಬಹುದಲ್ವಾ ಅಂತಲೂ ಅವರು ಕೇಳಿದ್ದರು. ಪೈಥಾನ್‌ನ ಸ್ಟಾಟ್ಸ್‌ಮಾಡೆಲ್ಸ್ ಪ್ಯಾಕೇಜ್ ಕೂಡ ಇದೇ ಎಕ್ಸ್-13 ಅನ್ನು ಓಡಿಸುತ್ತದೆ. ಆದರೆ ಅದು ಕೈಗೆ ಕೊಡುವುದು ಸರಣಿಗಳನ್ನು ಮತ್ತು ವರದಿಯ ಪಠ್ಯವನ್ನು. ಎಂ ಅಂಕಿ ಬೇಕಾದರೆ ಆ ಪಠ್ಯದೊಳಗೆ ನಾವೇ ಹುಡುಕಬೇಕು. ಸೀಸನ್ ತೆಗೆಯುವ ಇನ್ನೊಂದು ಸಾಫ್ಟ್‌ವೇರ್ ಆದ ಜೆಡಿಮೆಟ್ರಾ ಪ್ಲಸ್ ಬಳಸುವವರಿಗೆ ಆರ್‌ಜೆಡಿಮೆಟ್ರಾ ಪ್ಯಾಕೇಜ್ ಇದೆ. ಅದರ ಎಕ್ಸ್-13 ಫಲಿತಾಂಶದ ‘ಡಿಕಾಂಪೊಸಿಷನ್’ ಭಾಗದಲ್ಲಿ ‘ಎಂಸ್ಟಾಟ್ಸ್’ ಅಂತ ಇವೆಲ್ಲ ನೇರವಾಗಿ ಸಿಗುತ್ತವೆ. ಇವರ ಕಂಪ್ಯೂಟರ್‌ನಲ್ಲಿ ಜಾವಾ ಇರಲಿಲ್ಲ, ಹಾಗಾಗಿ ‘ಸೀಸನಲ್’ನಲ್ಲೇ ಮುಂದುವರಿದರು.

ಆವಕದ ಸರಣಿ ಏನು ಹೇಳಿತು?

ಮೊದಲು ನೋಡಿದ್ದು ಕ್ಯೂಎಸ್ ಪರೀಕ್ಷೆ. ಸೀಟ್ಸ್ ಇರಲಿ, ಎಕ್ಸ್-11 ಇರಲಿ, ಇದು ಎರಡಕ್ಕೂ ಬರುತ್ತದೆ. ಮೂಲ ಸರಣಿಯಲ್ಲಿ ಸೀಸನ್ ಇದ್ದರೆ ಕ್ಯೂಎಸ್ ದೊಡ್ಡದಿರುತ್ತದೆ, ಸೀಸನ್ ತೆಗೆದ ಸರಣಿಯಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. 5.99 ದಾಟಿದರೆ ಶೇ. 5ರ ಮಟ್ಟದಲ್ಲಿ ಸೀಸನ್ ಉಳಿದಿದೆ ಅಂತ ಅರ್ಥ. ಆವಕದಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಏನೂ ಉಳಿದಿಲ್ಲ ಅನ್ನುವುದನ್ನಷ್ಟೇ ಇದು ಹೇಳುತ್ತದೆ. ತೆಗೆದ ಸೀಸನ್ ವರ್ಷದಿಂದ ವರ್ಷಕ್ಕೆ ಒಂದೇ ಥರ ಇತ್ತಾ ಅನ್ನುವುದನ್ನು ಹೇಳುವುದಿಲ್ಲ.

ಆಮೇಲೆ ಕ್ಯೂ. ಎಂ ಅಂಕಿಗಳು 0ಯಿಂದ 3ರವರೆಗೆ ಇರುತ್ತವೆ, 1ಕ್ಕಿಂತ ಕಡಿಮೆ ಇದ್ದರೆ ಪಾಸು. ಕ್ಯೂಗೂ ಅದೇ ಗಡಿ. ಆವಕದ ಕ್ಯೂ 1ಕ್ಕಿಂತ ಚೆನ್ನಾಗಿಯೇ ಕೆಳಗಿತ್ತು. ಇಲ್ಲಿಗೆ ನಿಲ್ಲಿಸಿಬಿಡೋಣ ಅಂತ ಕಾರ್ಯದರ್ಶಿಗಳು ಹೇಳಿದರು. ಒಳಗೆ ನೋಡಿದಾಗ, ಗುರುತಿಸಬಹುದಾದ ಸೀಸನ್ ಇದೆಯೇ ಅಂತ ಹೇಳುವ ಎಂ7 ಪಾಸಾಗಿತ್ತು, ಎಂ10 ಮತ್ತು ಎಂ11 ಎರಡೂ 1 ದಾಟಿದ್ದವು.

ಈ ಎರಡು ಫೇಲಾದರೆ ಕ್ಯೂಗೆ ಅದು ಹೆಚ್ಚೇನೂ ತಟ್ಟುವುದಿಲ್ಲ ಅನ್ನುವುದನ್ನು ಅವರಿಗೆ ಕಾಗದದ ಮೇಲೆ ತೋರಿಸಬೇಕಾಯಿತು. ಕ್ಯೂನ ನೂರು ಪಾಲಿನಲ್ಲಿ ಎಂ7ಕ್ಕೆ 18 ಇದೆ. ಎಂ2, ಎಂ5ಕ್ಕೆ 11ರಂತೆ, ಎಂ1, ಎಂ3, ಎಂ6ಕ್ಕೆ 10ರಂತೆ. ಎಂ4ಕ್ಕೆ 8, ಎಂ8, ಎಂ9ಕ್ಕೆ 7ರಂತೆ. ಎಂ10, ಎಂ11ಕ್ಕೆ ಬರೀ 4ರಂತೆ. ಈಗ ಉಳಿದ ಒಂಬತ್ತೂ 0.6 ಇವೆ, ಎಂ10 ಮತ್ತು ಎಂ11 ಮಾತ್ರ 1.8 ಇವೆ ಅಂತ ಇಟ್ಟುಕೊಳ್ಳಿ. ಕ್ಯೂ ಸುಮಾರು 0.70 ಬರುತ್ತದೆ. ಆ ಎರಡೂ ಅತಿ ಕೆಟ್ಟ ಮಟ್ಟವಾದ 3 ಮುಟ್ಟಿದರೂ ಕ್ಯೂ 0.79 ಅಷ್ಟೇ. ಗಣಿತದಲ್ಲಿ ಫೇಲಾದ ಹುಡುಗನ ಒಟ್ಟು ಶೇಕಡಾ ಮಾತ್ರ ಓದಿ ಪಾಸು ಅಂದಂತೆ ಆಯಿತು.

ಎಂ8 ಮತ್ತು ಎಂ9 ಇಡೀ ಸರಣಿಯಲ್ಲಿ ಸೀಸನ್ ಎಷ್ಟು ಅಲ್ಲಾಡುತ್ತದೆ ಅಂತ ನೋಡುತ್ತವೆ. ಎಂ10 ಮತ್ತು ಎಂ11 ಅದನ್ನೇ ಇತ್ತೀಚಿನ ವರ್ಷಗಳಿಗೆ ಮಾತ್ರ ನೋಡುತ್ತವೆ. ಲಾರಿ ಬುಕ್ ಮಾಡುವವರಿಗೆ ಬೇಕಾದದ್ದು ಮುಂದಿನ ತಿಂಗಳು. 2015ರ ಸೀಸನ್ ಎಷ್ಟು ಗಟ್ಟಿಯಾಗಿತ್ತು ಅನ್ನುವುದರಿಂದ ಅವರಿಗೆ ಏನೂ ಆಗಬೇಕಿಲ್ಲ. ಹಾಗಾಗಿ ಅತಿ ಕಡಿಮೆ ತೂಕ ಪಡೆದ ಈ ಎರಡು ಅಂಕಿಗಳೇ ಇವರಿಗೆ ಅತಿ ಮುಖ್ಯ. ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ತಿರುಳೇ ಇದು. ಕ್ಯೂ ಒಂದನ್ನೇ ತೋರಿಸುವ ಯಾವ ವರದಿಯನ್ನೂ ರೈತರ ಮುಂದೆ ಇಡಬಾರದು.

(ಎಂ8ರಿಂದ ಎಂ11ರವರೆಗಿನವು ಬರಬೇಕಾದರೆ ಕನಿಷ್ಠ 6 ವರ್ಷದ ಅಂಕಿ ಇರಬೇಕು. ಹೊಸದಾಗಿ ಲೆಕ್ಕ ಶುರುಮಾಡಿದ ಸಂಸ್ಥೆಗಳು ಇದನ್ನು ಗಮನಿಸಬೇಕು.)

ಸೀಸನ್ ಯಾಕೆ ಅಲ್ಲಾಡಿತು ಅನ್ನುವುದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ, ಊರಲ್ಲೇ ಕೇಳಬೇಕು. ಮೊದಲ ಅನುಮಾನ ಲಾಕ್‌ಡೌನ್ ಮೇಲೆ. 2020ರ ಮಾರ್ಚ್ ಕೊನೆಯಿಂದ ಶುರುವಾದದ್ದು, 2021ರ ಏಪ್ರಿಲ್ ಕೊನೆಯಿಂದ ಮತ್ತೊಮ್ಮೆ ಬಂದದ್ದು. ಆ ತಿಂಗಳುಗಳನ್ನು ಒಂದು ಸಲದ ಹೊರಗಿನ ಏಟು ಅಂತ ಗುರುತಿಸಿ ಮತ್ತೆ ಓಡಿಸಿದರು. ಎಂ10, ಎಂ11 ಸ್ವಲ್ಪ ಇಳಿದವು, ಗಡಿಯೊಳಗೆ ಬರಲಿಲ್ಲ.

ಎರಡನೆಯದನ್ನು ಸದಸ್ಯರೇ ಹೇಳಿದರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆ ತುಂಬಿಸುವ ಯೋಜನೆ ಇದು. ಅದರ ಒಳಿತು ಕೆಡುಕಿನ ಬಗ್ಗೆ ಜಿಲ್ಲೆಯಲ್ಲಿ ಇನ್ನೂ ವಾದ ಇದೆ, ಆ ವಾದ ಇಲ್ಲಿಯದಲ್ಲ. ಕೆರೆಗಳ ಸುತ್ತಲಿನ ಸದಸ್ಯರು ಹೇಳಿದ್ದು ಇಷ್ಟು: ಮೊದಲು ಬೋರ್‌ವೆಲ್ ಕೈಕೊಡುತ್ತಿದ್ದ ತಿಂಗಳಲ್ಲೂ ಈಗ ನಾಟಿ ಮಾಡುತ್ತಾರೆ. ನಾಟಿ ಮಾಡಿದ ಎರಡು, ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ನಾಟಿಯ ತಿಂಗಳು ಸರಿದರೆ ಆವಕದ ಸೀಸನ್ನೂ ಸರಿಯುತ್ತದೆ. ಇತ್ತೀಚೆಗೆ ಎಲೆ ಮುರುಟು ರೋಗ ಬಂದು ಕೆಲವರು ನಾಟಿಯ ತಿಂಗಳನ್ನೇ ಬದಲಿಸಿದ್ದಾರೆ ಅಂತಲೂ ಹೇಳಿದರು.

ಇದನ್ನು ಪರೀಕ್ಷಿಸಲು ‘ವಿಂಡೋ’ ಫಂಕ್ಷನ್‌ನಿಂದ 2018ರ ಹಿಂದಿನ ವರ್ಷಗಳನ್ನು ಕತ್ತರಿಸಿದರು. 2024ರ ಕೊನೆಯವರೆಗೆ ಏಳು ವರ್ಷ ಉಳಿಯಿತು, ಎಂ11ರವರೆಗೂ ಲೆಕ್ಕ ಬರುವಷ್ಟು. ಎಂ7 ಪಾಸಾಗಿಯೇ ಉಳಿಯಿತು, ಎಂ10 ಮತ್ತು ಎಂ11 ಗಡಿಯ ಆಸುಪಾಸಿಗೆ ಬಂದವು. ಅಂದರೆ ಹಳೆಯ ಸೀಸನ್‌ನ ಆಕಾರ ಬೇರೆ, ಹೊಸದರ ಆಕಾರ ಬೇರೆ. ನೀರೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಎರಡನ್ನೂ ಸೇರಿಸಿ ಒಂದೇ ಸೀಸನ್ ಅಂತ ಲೆಕ್ಕ ಹಾಕಬಾರದು ಅನ್ನುವಷ್ಟು ಮಾತ್ರ ಖಚಿತ.

ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ‘ಸೀಸ್’ಗೆ ‘ಸ್ಲೈಡಿಂಗ್‌ಸ್ಪ್ಯಾನ್ಸ್ = ""’ ಅಂತ ಸೇರಿಸಿದರೆ, ಒಂದರ ಮೇಲೊಂದು ಹಾಯುವ ಹಲವು ಅವಧಿಗಳಿಗೆ ಸೀಸನ್ ಲೆಕ್ಕ ಹಾಕಿ ಹೋಲಿಸುತ್ತದೆ. ಒಂದೇ ತಿಂಗಳ ಸೀಸನ್ ಅಂಶ ಅವಧಿಯಿಂದ ಅವಧಿಗೆ ಶೇ. 3ಕ್ಕಿಂತ ಹೆಚ್ಚು ಬದಲಾದರೆ ಆ ತಿಂಗಳಿಗೆ ಗುರುತು ಬೀಳುತ್ತದೆ. ಗುರುತಾದ ತಿಂಗಳುಗಳು ಶೇ. 15ರೊಳಗಿದ್ದರೆ ನಿಶ್ಚಿಂತೆ, ಶೇ. 25 ದಾಟಿದರೆ ಸರಣಿಯನ್ನು ಕೈಬಿಡಬೇಕು ಅನ್ನುವುದು ರೂಢಿ. ಟೊಮೆಟೊದಂಥ ಬೆಳೆಗೆ ಶೇ. 3 ತೀರಾ ಬಿಗಿ ಅಂತ ನನಗೆ ಅನಿಸುತ್ತದೆ. ಆದರೂ ಪೂರ್ತಿ ಸರಣಿಯಲ್ಲಿ ಗುರುತು ಬಿದ್ದವುಗಳಲ್ಲಿ ಹೆಚ್ಚಿನವು 2020ರ ನಂತರದ ತಿಂಗಳುಗಳೇ. ಎಂ10, ಎಂ11 ಹೇಳಿದ್ದನ್ನು ಇದೂ ಹೇಳಿತು.

ಬೆಲೆಯ ಸರಣಿ

ಕಾರ್ಯದರ್ಶಿಗಳಿಗೆ ಆವಕಕ್ಕಿಂತ ಇದರ ಮೇಲೆ ಆಸೆ ಜಾಸ್ತಿ. ಯಾವ ತಿಂಗಳಲ್ಲಿ ರೇಟು ಎಷ್ಟು ಏರುತ್ತದೆ ಅಂತ ಸೀಸನ್ ಅಂಶಗಳ ಒಂದು ಚಾರ್ಟ್ ಮಾಡಿ ಕಚೇರಿ ಗೋಡೆಗೆ ಅಂಟಿಸಬೇಕು, ಅದನ್ನು ನೋಡಿ ಸದಸ್ಯರು ನಾಟಿ ಮಾಡಲಿ ಅನ್ನುವುದು ಅವರ ಯೋಚನೆ. ಉದ್ದೇಶ ಒಳ್ಳೆಯದೇ.

ಸಾಫ್ಟ್‌ವೇರ್ ಚಾರ್ಟ್ ಕೊಟ್ಟಿತು. ಹನ್ನೆರಡು ತಿಂಗಳಿಗೆ ಹನ್ನೆರಡು ಅಂಶ, ನೋಡಲು ಅಚ್ಚುಕಟ್ಟು. ಯುಡಿಜಿಯಲ್ಲಿ ನೋಡಿದರೆ ಎಂ7 1ಕ್ಕಿಂತ ಮೇಲಿತ್ತು. ‘ಎಫ್2.ಐಡಿಸೀಸನಲ್’ ಎಂಬ ಸಾಲಿನಲ್ಲಿ ಇಲ್ಲ ಅಂತ ಉತ್ತರ. ಅಂದರೆ ಗುರುತಿಸಬಹುದಾದ ಸೀಸನ್ ಈ ಸರಣಿಯಲ್ಲಿ ಇಲ್ಲ.

ಎಂ7 ಹೇಗೆ ಬರುತ್ತದೆ ಅಂತ ತಿಳಿದರೆ ಇದರ ಗಂಭೀರತೆ ಗೊತ್ತಾಗುತ್ತದೆ. ಅದರ ಹಿಂದೆ ಎರಡು ಎಫ್ ಪರೀಕ್ಷೆಗಳಿವೆ. ಒಂದು, ಪ್ರತಿ ವರ್ಷವೂ ಅದೇ ಥರ ಬರುವ ಸ್ಥಿರ ಸೀಸನ್ ಎಷ್ಟು ಬಲವಾಗಿದೆ ಅನ್ನುವುದು. ಇನ್ನೊಂದು, ವರ್ಷದಿಂದ ವರ್ಷಕ್ಕೆ ಸೀಸನ್ ಎಷ್ಟು ಸರಿಯುತ್ತಿದೆ ಅನ್ನುವುದು. 7ಕ್ಕೆ, ‘ಸರಿಯುವ ಎಫ್’ನ ಮೂರು ಪಟ್ಟು ಕೂಡಿಸಿ, ‘ಸ್ಥಿರ ಎಫ್’ನಿಂದ ಭಾಗಿಸಿ, ಅರ್ಧ ಮಾಡಿ, ವರ್ಗಮೂಲ ತೆಗೆದರೆ ಎಂ7. ಸ್ಥಿರ ಎಫ್ 7, ಸರಿಯುವ ಎಫ್ 1 ಇದ್ದರೆ ಎಂ7 ಸುಮಾರು 0.85. ಸ್ಥಿರ ಎಫ್ ಅಷ್ಟೇ ಇದ್ದು ಸರಿಯುವ ಎಫ್ 2.5 ಆದರೆ ಎಂ7 1.02, ಫೇಲು. ಸೀಸನ್ ಇದ್ದರೂ ಅದು ನಿಂತಲ್ಲಿ ನಿಲ್ಲದಿದ್ದರೆ ನಂಬಲಾಗದು ಅನ್ನುವುದನ್ನು ಈ ಸೂತ್ರ ಹೇಳುತ್ತಿದೆ.

ಬೆಲೆಯ ಸರಣಿಯಲ್ಲಿ ‘ಎಒ2023.ಜುಲ್’ ಅಂತ ಒಂದು ಸಾಲು ತಾನಾಗಿಯೇ ಬಂದಿತ್ತು. 2023ರ ಜುಲೈ ಯಾರಿಗೆ ನೆನಪಿಲ್ಲ? ಊರೂರಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು, ತೋಟಕ್ಕೆ ರಾತ್ರಿ ಕಾವಲು ಹಾಕಿದ್ದರು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಆ ಜುಲೈಯನ್ನು ಒಂದು ಸಲದ ಘಟನೆ ಅಂತ ಪ್ರೋಗ್ರಾಂ ಬದಿಗಿಟ್ಟ ಮೇಲೆ ಜುಲೈ ತಿಂಗಳಿಗೆ ಉಳಿದ ಬಲ ಕಡಿಮೆ. ಜುಲೈನಲ್ಲಿ ರೇಟು ಬರುತ್ತದೆ ಅಂತ ಈಗ ಎಲ್ಲರ ಬಾಯಲ್ಲಿರುವ ಮಾತಿಗೆ ಇವರ ಪುಸ್ತಕದಲ್ಲಿ ಆಧಾರ ಅದೊಂದೇ ವರ್ಷ.

ಚಾರ್ಟ್ ಅಂಟಿಸಬೇಡಿ ಅಂತ ನಾನು ಗಟ್ಟಿಯಾಗಿಯೇ ಹೇಳಿದೆ. ಸಸಿ, ಕಡ್ಡಿ, ಗೊಬ್ಬರ, ಔಷಧಿ, ಕೂಲಿ ಎಲ್ಲ ಸಾಲದಲ್ಲೇ ನಡೆಯುವ ಬೆಳೆ ಇದು. ಸಂಸ್ಥೆಯ ಗೋಡೆಯ ಮೇಲೆ ‘ಜುಲೈ’ ಅಂತ ಕಂಡರೆ ನಂಬಿ ನಾಟಿ ಮಾಡುವವರಿದ್ದಾರೆ. ಎಲ್ಲರೂ ಅದೇ ತಿಂಗಳಿಗೆ ಹಣ್ಣು ತಂದರೆ ಇದ್ದ ರೇಟೂ ಬೀಳುತ್ತದೆ. ಕಾರ್ಯದರ್ಶಿಗಳು ಒಂದಷ್ಟು ವಾದ ಮಾಡಿದರು, ಕ್ಯೂ ಎಷ್ಟಿದೆ ನೋಡಿ ಅಂದರು. ಬೆಲೆಯ ಕ್ಯೂ ಗಡಿಗಿಂತ ಸ್ವಲ್ಪವೇ ಕೆಳಗಿತ್ತು. ಅದು ಎಂ7ನ್ನು ಮುಚ್ಚಿಹಾಕಿತ್ತು ಅಷ್ಟೇ. ಕೊನೆಗೆ ಹಿರಿಯ ನಿರ್ದೇಶಕರು “ಇಲ್ದಿರೋದನ್ನ ಐತೆ ಅಂತ ಬರೆಯೋದು ಬ್ಯಾಡ ಬುಡಪ್ಪ” ಅಂದ ಮೇಲೆ ಚಾರ್ಟ್ ನಿಂತಿತು. ಬೆಲೆಯನ್ನು ಸೀಸನ್ ತೆಗೆಯದೆ, ಹಿಂದಿನ ವರ್ಷದ ಅದೇ ತಿಂಗಳಿನ ಪಕ್ಕ ಇಟ್ಟು ಕೊಡುವುದು ಅಂತ ತೀರ್ಮಾನವಾಯಿತು.

ಈಗ ನಡೆಯುತ್ತಿರುವ ಕ್ರಮ

ಸಂಸ್ಥೆ ಟೊಮೆಟೊ ಜೊತೆಗೆ ಬೀನ್ಸ್, ಕ್ಯಾಪ್ಸಿಕಂ, ಎಲೆಕೋಸಿನ ಲೆಕ್ಕವನ್ನೂ ಇಡುತ್ತದೆ. ಪ್ರತಿಯೊಂದರ ವರದಿ ತೆರೆದು ಓದುತ್ತಾ ಕೂರಲು ಆಗುವುದಿಲ್ಲ. ಪ್ರೋಗ್ರಾಂ ಬರೆದು ಕೇಳುವುದರ ಲಾಭ ಇಲ್ಲಿದೆ. ಸರಣಿಗಳ ಪಟ್ಟಿಯ ಮೇಲೆ ಒಂದೇ ಕೋಡ್ ಓಡುತ್ತದೆ. ಪ್ರತಿಯೊಂದಕ್ಕೂ ಕ್ಯೂ, ಎಂ7, ಎಂ10, ಎಂ11, ಕ್ಯೂಎಸ್ ಮತ್ತು ಸೀಸನ್ ಇದೆಯೇ ಅನ್ನುವ ಉತ್ತರ ಒಂದು ಕೋಷ್ಟಕದಲ್ಲಿ ಕೂರುತ್ತವೆ. ‘ಯುಡಿಜಿ’ಗೆ ‘ಫೇಲ್ = ಫಾಲ್ಸ್’ ಅಂತ ಕೊಟ್ಟಿದ್ದಾರೆ, ಒಂದು ಸರಣಿಯಲ್ಲಿ ಒಂದು ಅಂಕಿ ಇಲ್ಲದಿದ್ದರೆ ಇಡೀ ಓಟ ನಿಲ್ಲದೆ ಆ ಜಾಗದಲ್ಲಿ ಎನ್‌ಎ (ಅಂಕಿ ಇಲ್ಲ ಎಂಬ ಗುರುತು) ಬೀಳುತ್ತದೆ. ಎನ್‌ಎ ಬಿದ್ದದ್ದನ್ನು ಪಾಸು ಅಂತ ಎಣಿಸಬಾರದು, ಅದಕ್ಕಾಗಿ ಕೋಡ್‌ನಲ್ಲಿ ಪ್ರತ್ಯೇಕ ಸಾಲು ಇದೆ. ಪುಸ್ತಕದಲ್ಲಿ ಬಿಟ್ಟುಹೋದ ತಿಂಗಳುಗಳಿಗೆ ಸೊನ್ನೆ ಹಾಕುವುದನ್ನು ನಿಲ್ಲಿಸಿ, ‘ಎನ್ಎ.ಎಕ್ಸ್13’ ಬಳಸಿ ಪ್ರೋಗ್ರಾಂಗೇ ತುಂಬಲು ಬಿಟ್ಟಿದ್ದಾರೆ.

ಮಾವಿನ ಸರಣಿಯನ್ನು ಪಟ್ಟಿಗೇ ಸೇರಿಸಲಿಲ್ಲ. ಶ್ರೀನಿವಾಸಪುರದ ಕಡೆಯ ಸದಸ್ಯರ ಮಾವು ವರ್ಷದಲ್ಲಿ ಕೆಲವೇ ತಿಂಗಳು ಬರುತ್ತದೆ, ಉಳಿದ ತಿಂಗಳು ನಿಜವಾಗಿಯೂ ಸೊನ್ನೆ. ಲೆಕ್ಕದಲ್ಲಿ ಬೇಕಾಗುವ ಲಾಗ್ (ಲಾಗರಿದಮ್) ಸೊನ್ನೆಗೆ ತೆಗೆಯಲು ಬರುವುದಿಲ್ಲ. ಅದಕ್ಕೆ ಈ ಸಾಧನವೇ ಅಲ್ಲ.

ಸಭೆಯ ಹಾಳೆಯಲ್ಲಿ ಈಗ ಟೊಮೆಟೊ ಆವಕದ ಸೀಸನ್ ತೆಗೆದ ಗೆರೆ 2018ರಿಂದ ಶುರುವಾಗುತ್ತದೆ. ಕೊನೆಯ ವರ್ಷದ ಭಾಗ ಚುಕ್ಕೆ ಗೆರೆ, ಕೆಳಗೆ ‘ತಾತ್ಕಾಲಿಕ, ಮುಂದೆ ಬದಲಾಗಬಹುದು’ ಅಂತ ಬರೆದಿರುತ್ತದೆ. ಲಾರಿ ಎಷ್ಟು ಬೇಕು ಅಂತ ಅಂದಾಜು ಮಾಡಲು ಅದನ್ನು ಬಳಸುತ್ತಿದ್ದಾರೆ, ಅದೊಂದನ್ನೇ ನೆಚ್ಚಿಕೊಂಡಿಲ್ಲ. ಸದಸ್ಯರ ನಾಟಿ ಎಕರೆಯ ಲೆಕ್ಕವನ್ನೂ ಜೊತೆಗೆ ತೆಗೆದುಕೊಳ್ಳುತ್ತಾರೆ.

ಬಾಕಿ ಇರುವುದು ಹಬ್ಬಗಳು. ದೀಪಾವಳಿ ಒಂದು ವರ್ಷ ಅಕ್ಟೋಬರ್‌ಗೆ, ಇನ್ನೊಂದು ವರ್ಷ ನವೆಂಬರ್‌ಗೆ ಬೀಳುತ್ತದೆ. ‘ಸೀಸನಲ್’ ಪ್ಯಾಕೇಜ್‌ನಲ್ಲಿ ದೀಪಾವಳಿಯ ದಿನಾಂಕಗಳು ಮೊದಲೇ ಇವೆ, ‘ಜೆನ್‌ಹಾಲ್’ ಫಂಕ್ಷನ್‌ನಿಂದ ಅವನ್ನು ಲೆಕ್ಕಕ್ಕೆ ಸೇರಿಸಬಹುದು. ಮಾರ್ಚ್ ಮತ್ತು ಏಪ್ರಿಲ್ ನಡುವೆ ಓಡಾಡುವ ಯುಗಾದಿ ಅದರಲ್ಲಿಲ್ಲ. ಪಂಚಾಂಗ ನೋಡಿ ಆ ದಿನಾಂಕಗಳನ್ನು ಅವರೇ ಟೈಪ್ ಮಾಡುತ್ತಿದ್ದಾರೆ. ಅದು ಮುಗಿದ ಮೇಲೆ ಬೀನ್ಸ್ ಸರಣಿಯನ್ನು ಮತ್ತೆ ಓಡಿಸುತ್ತಾರೆ. ಅದರ ಎಂ7 ಈಗ ಗಡಿಯ ಮೇಲೆಯೇ ನಿಂತಿದೆ.